ಬಟನ್ ಅಮ್ಮ ನಿಂತ ಎತ್ತರ

ದಾರದಣ್ಣನ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಡಬ್ಬಿಯಿದೆ. ಅದರ ತುಂಬ ದಾರಗಳು. ಪ್ರತಿಯೊಂದು ದಾರದ ತುದಿಗೂ ಒಂದು ಕಬ್ಬಿಣದ ನಟ್ಟು ಕಟ್ಟಿದೆ, ನಡುವೆ ಎಲ್ಲೋ ಒಂದು ಗಂಟಿದೆ. ಇದು ಕಣ್ಣಿನ ಆಸ್ಪತ್ರೆಯ ದಾರ, ಇದು ಹೆಣ್ಣುಮಕ್ಕಳ ಶಾಲೆಯ ದಾರ, ಇದು ನಿವೃತ್ತ ನ್ಯಾಯಾಧೀಶರ ಮನೆಯ ದಾರ ಎಂದು ಅವರು ಕಣ್ಣುಮುಚ್ಚಿ ಮುಟ್ಟಿ ಹೇಳುತ್ತಾರೆ.

ಚಿತ್ರಗಳನ್ನು ಗೋಡೆಗೆ ತೂಗುಹಾಕುವುದು ಅವರ ಕಸುಬು. ಯಾರ ಗೋಡೆಗೆ ಚಿತ್ರ ಹಾಕಬೇಕೋ ಅವರನ್ನು ಮೊದಲು ಬರಿಗಾಲಲ್ಲಿ ನಿಲ್ಲಿಸುತ್ತಾರೆ. ನಟ್ಟು ನೆಲ ಮುಟ್ಟುವಂತೆ ದಾರ ಇಳಿಬಿಟ್ಟು, ಅವರ ಕಣ್ಣಿನ ಮಟ್ಟಕ್ಕೆ ಬಂದಲ್ಲಿ ಗಂಟು ಹಾಕುತ್ತಾರೆ. ಅಲ್ಲಿಂದ ಮುಂದೆ ಆ ಮನೆಯ ಯಾವ ಚಿತ್ರವಾದರೂ ಸರಿ, ಅದರ ನಟ್ಟನಡುವು ಆ ಗಂಟಿಗೆ ಬಂದು ಕೂರಬೇಕು.

“ಟೇಪಲ್ಲಿ ಅಡಿ ಇದೆ, ಇಂಚು ಇದೆ. ಕಣ್ಣೆಲ್ಲಿದೆ?” ಎಂದು ಒಮ್ಮೆ ಕೇಳಿದ್ದರು.

ಅವರು ತಾವಾಗಿ ಹೇಳಿದ ಮಾತು ನನಗೆ ನೆನಪಿರುವಂತೆ ಅದೊಂದೇ. ಉಳಿದಂತೆ ಅವರಿಂದ ಮಾತು ಬರಿಸುವುದೆಂದರೆ ಆಳದ ಬಾವಿಯಿಂದ ನೀರು ಸೇದಿದ ಹಾಗೆ, ಸೇದುವವರ ಕೈ ಸೋಲುತ್ತದೆ. ಚಿತ್ರಗಳ ಪಕ್ಕದಲ್ಲಿ ಅಂಟಿಸುವ ಹೆಸರಿನ ಚೀಟಿಗಳನ್ನು ಬರೆಯುವ ಕೆಲಸಕ್ಕೆ ನಾನು ಕಲಾಭವನ ಸೇರಿ ಮೂರು ವರ್ಷವಾಯಿತು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವರ ಹೆಂಡತಿ ಹೇಳಿದ್ದು.

ಆ ಡಬ್ಬಿಯಲ್ಲಿ ಒಂದೇ ಒಂದು ದಾರಕ್ಕೆ ನಾಲ್ಕು ಗಂಟುಗಳಿದ್ದವು. ಅದು ಬಟನ್ ಅಮ್ಮನದು.

ಪೇಟೆಯ ತಿರುವಿನಲ್ಲಿ ಅಮ್ಮನ ಅಂಗಡಿ. ನೆಲದಿಂದ ಸೂರಿನ ತನಕ ಸಣ್ಣ ಸಣ್ಣ ಮರದ ಡ್ರಾಯರ್‌ಗಳು. ಯಾವುದರೊಳಗೆ ಯಾವ ಬಟನ್ ಇದೆಯೆಂದು ತಿಳಿಯಲು ಪ್ರತಿ ಡ್ರಾಯರ್‌ನ ಮುಖಕ್ಕೂ ಒಂದೊಂದು ಬಟನ್ ಅಂಟಿಸಿರುತ್ತಿತ್ತು. ಊರಿನ ದರ್ಜಿಗಳೆಲ್ಲ ಅಲ್ಲಿಗೇ ಬರಬೇಕು. ಅಮ್ಮ ಮದುವೆಯಾಗಲಿಲ್ಲ. ಒಡವೆ ಮಾಡಿಸಲಿಲ್ಲ, ಮನೆ ಕಟ್ಟಿಸಲಿಲ್ಲ. ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲೇ ಇದ್ದುಕೊಂಡು ಚಿತ್ರಗಳನ್ನು ತಂದರು. ಹೆಸರಾದವರ ಚಿತ್ರಗಳಲ್ಲ. ಆಗಷ್ಟೇ ಕುಂಚ ಹಿಡಿದವರು, ಯಾರೂ ಕೊಳ್ಳದೆ ಹಿಂದೆ ಹೊತ್ತುಕೊಂಡು ಹೋಗುತ್ತಿದ್ದವರು, ಅವರ ಚಿತ್ರಗಳು. ದೀಪದ ಮಸಿಯನ್ನೇ ಬಣ್ಣ ಮಾಡಿಕೊಂಡ ಒಬ್ಬ ಕಲಾವಿದನ ಮೊದಲ ಚಿತ್ರ ಅಮ್ಮನ ಗೋಡೆಗೇ ಬಂತು. ಪೂರ್ತಿ ಕಪ್ಪು, ನಡುವೆ ಉಗುರಿನಲ್ಲಿ ಕೆರೆದ ಹಾಗೆ ಒಂದು ಬಾಗಿಲಿನಷ್ಟು ಬೆಳಕು.

“ಇದೇನಮ್ಮ ಇದು?” ಎಂದು ಅಂಗಡಿಗೆ ಬಂದ ದರ್ಜಿಯೊಬ್ಬ ಕೇಳಿದ್ದನಂತೆ.

“ನನಗೂ ಗೊತ್ತಿಲ್ಲ ಕಣಪ್ಪ, ಅದಕ್ಕೇ ತಂದಿದ್ದು. ಗೊತ್ತಿರೋದನ್ನ ಬೆಳಿಗ್ಗೆಯಿಂದ ಸಂಜೆ ತನಕ ಕೆಳಗೆ ನೋಡ್ತಾನೇ ಇರ್ತೀನಲ್ಲ.”

ದಾರದಣ್ಣ ಮೊದಲ ಸಲ ಆ ಕೋಣೆಗೆ ಹೋದಾಗ ಇಬ್ಬರಿಗೂ ಇನ್ನೂ ಚಿಕ್ಕ ವಯಸ್ಸು. ಅಮ್ಮ ಚಪ್ಪಲಿ ಬಿಟ್ಟು ಗೋಡೆಗೆದುರಾಗಿ ನೆಟ್ಟಗೆ ನಿಂತರು. ಇವರು ಗಂಟು ಹಾಕಿದರು. ಅಮ್ಮ ಗಂಟನ್ನು ನೋಡಿ ಹುಬ್ಬೇರಿಸಿದರು.

“ಇಷ್ಟೇನಾ ನನ್ನ ಎತ್ತರ?”

“ಕಣ್ಣಿನ ತನಕ ಇಷ್ಟು ಅಮ್ಮ. ಮೇಲೆ ಇನ್ನೂ ಸ್ವಲ್ಪ ಇದ್ದೀರಿ.”

ಅಮ್ಮ ನಕ್ಕ ನಗು ಕೆಳಗಿನ ಅಂಗಡಿಗೂ ಕೇಳಿಸಿತ್ತಂತೆ.

ದಿನವೂ ಮಧ್ಯಾಹ್ನ ಒಂದು ಗಂಟೆ ಹೊತ್ತು ಅಂಗಡಿಯ ಬಾಗಿಲು ಹಾಕಿ ಅಮ್ಮ ಮೇಲೆ ಹೋಗುತ್ತಿದ್ದರು. ಕಿಟಕಿಯಲ್ಲಿ ಗಾಜಿನ ಜಾಡಿಗಳ ತುಂಬ ಬಟನ್‌ಗಳು. ಬಿಸಿಲು ಅವುಗಳೊಳಗಿಂದ ತೂರಿ ಬಂದು ನೆಲದ ಮೇಲೆ ಸಣ್ಣ ಬಣ್ಣದ ಚುಕ್ಕೆಗಳಾಗಿ ಬಿದ್ದು, ಹೊತ್ತು ಜಾರಿದಂತೆ ನೆಲದಿಂದ ಗೋಡೆಗೆ, ಗೋಡೆಯಿಂದ ಚಿತ್ರಗಳಿಗೆ ಹತ್ತುತ್ತಿದ್ದವು. ಆ ಚುಕ್ಕೆಗಳ ಜತೆಯಲ್ಲೇ ಅಮ್ಮ ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಯಾವುದೋ ಚಿತ್ರದ ಎದುರು ನಿಂತುಬಿಟ್ಟರೆ ಕೆಳಗೆ ಗಿರಾಕಿ ಬಾಗಿಲು ಬಡಿದರೂ ಕೇಳಿಸುತ್ತಿರಲಿಲ್ಲ. ದಾರದಣ್ಣ ಹೊಸ ಮೊಳೆ ಹೊಡೆಯಲು ಹೋದ ದಿನ ಅಮ್ಮ ಹಾಗೆ ನಿಂತಿದ್ದರೆ ಇವರೂ ಸುತ್ತಿಗೆ ಕೆಳಗಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಆ ಒಂದು ಗಂಟೆ ಯಾವ ಊರಿನಲ್ಲೂ ಇಲ್ಲದ ಗಂಟೆ, ಗಡಿಯಾರದಿಂದ ಯಾರೋ ಮೆಲ್ಲಗೆ ತೆಗೆದಿಟ್ಟದ್ದು ಎಂದು ಅವರಿಗೆ ಅನಿಸುತ್ತಿತ್ತಂತೆ. ಹೆಂಡತಿಗೆ ಇಷ್ಟನ್ನು ಹೇಳಲು ಅವರಿಗೆ ಹತ್ತು ವರ್ಷ ಹಿಡಿಯಿತು.

ಆಮೇಲೆ ಅಮ್ಮನ ಮಂಡಿ ಸೋತಿತು. ದಿನವಿಡೀ ಕೌಂಟರಿನ ಹಿಂದೆ ನಿಂತ ಮಂಡಿ. ಅಂಗಡಿಯ ಎತ್ತರದ ಸ್ಟೂಲೊಂದನ್ನು ಮೇಲಕ್ಕೆ ತರಿಸಿಕೊಂಡು ಕೂತು ನೋಡತೊಡಗಿದರು. ದಾರದಣ್ಣ ಹೋಗಿ ಎರಡನೇ ಗಂಟು ಹಾಕಿ, ಎಲ್ಲ ಚಿತ್ರಗಳನ್ನೂ ಒಂದು ಗೇಣು ಕೆಳಗಿಳಿಸಿದರು. ಕೆಲವು ವರ್ಷ ಕಳೆದು ಗಾಲಿ ಕುರ್ಚಿ ಬಂತು, ಮೂರನೇ ಗಂಟು ಬಿತ್ತು. ಕೊನೆಗೆ ಮಂಚ. ದಿಂಬಿಗೆ ಒರಗಿದರೆ ಅಮ್ಮನ ಕಣ್ಣು ನೆಲದಿಂದ ಎರಡೂವರೆ ಅಡಿ. ಅಲ್ಲಿಗೆ ನಾಲ್ಕನೇ ಗಂಟು.

ಗೋಡೆಯ ಸುಣ್ಣ ಬಿಸಿಲಿಗೆ ಹಳದಿಯಾಗಿತ್ತು. ಚಿತ್ರಗಳಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಪ್ರತಿ ಚಿತ್ರದ ಮೇಲೂ ಅದರ ಹಳೆಯ ಜಾಗಗಳು ಒಂದರ ಮೇಲೊಂದು ಮಸುಕು ಮಸುಕಾಗಿ ತೇಲುತ್ತಿದ್ದವು.

“ಬಣ್ಣ ಹೊಡೆಸಲಾ ಅಮ್ಮ?” ಎಂದು ದಾರದಣ್ಣ ಕೇಳಿದರು.

“ಬೇಡ ಬಿಡು. ನಾನು ಇಳಿದು ಬಂದ ಮೆಟ್ಟಿಲು ಅವು.”

ಅಮ್ಮ ಮಲಗಿದ್ದ ನಾಲ್ಕು ವರ್ಷ ದಾರದಣ್ಣ ವಾರಕ್ಕೊಂದು ಸಲ ತಪ್ಪದೆ ಹೋದರು. ಕೆಲಸವೇನೂ ಇರುತ್ತಿರಲಿಲ್ಲ. ಒಂದು ಚೌಕಟ್ಟನ್ನು ಒರೆಸುವುದು, ಇನ್ನೊಂದು ಓರೆಯಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವುದು, ಇಷ್ಟೇ. ನೆಲದ ಮೇಲೆ ಕೂತೇ ಮಾಡುವ ಕೆಲಸ. ಅದು ಮುಗಿದ ಮೇಲೆ ಅಮ್ಮ ಕೈ ಚಾಚುತ್ತಿದ್ದರು. ನೋಡಿಕೊಳ್ಳುತ್ತಿದ್ದ ದಾದಿ ಒಂದು ಕಡೆ, ದಾರದಣ್ಣ ಒಂದು ಕಡೆ ಹಿಡಿದು ಎಬ್ಬಿಸಿ ನಿಲ್ಲಿಸಬೇಕು. ನಡುಗುವ ಕಾಲಲ್ಲಿ ಅಮ್ಮ ಒಂದು ನಿಮಿಷ ನಿಲ್ಲುತ್ತಿದ್ದರು. ಎದುರಿಗೆ ಚಿತ್ರ ಇರುತ್ತಿರಲಿಲ್ಲ. ಅದು ಎಂದೋ ಕೆಳಗಿಳಿದಿತ್ತು. ಮೊದಲನೇ ಗಂಟಿನ ಎತ್ತರದಲ್ಲಿದ್ದ ಆ ಬಿಳಿಯ ಖಾಲಿ ಜಾಗವನ್ನೇ ಅಮ್ಮ ಕಣ್ತುಂಬ ನೋಡಿ, “ಹ್ಞೂ, ಈಗ ಕೂರಿಸಿ” ಎನ್ನುತ್ತಿದ್ದರು.

ಅಂಥ ಒಂದು ದಿನ ಕೂರಿಸಿದ ಮೇಲೆ ಅಮ್ಮ, ದಾರದಣ್ಣ ಕೊರಳಿಗೆ ಸುತ್ತಿಕೊಂಡಿದ್ದ ಅಳತೆಯ ದಾರ ಹಿಡಿದೆಳೆದರು.

“ನಾನು ಹೋದ ಮೇಲೆ ಇವೆಲ್ಲ ಯಾರ ಮನೆ ಸೇರುತ್ತೋ ಗೊತ್ತಿಲ್ಲ. ಎಲ್ಲೇ ಸೇರ್ಲಿ, ಹಾಕೋನು ನೀನಾದ್ರೆ ಮೇಲಿನ ಗಂಟಿಗೆ ಹಾಕು. ಜನ ನನ್ನನ್ನ ಮಲಗಿದ್ದೋಳು ಅಂತ ನೆನೆಸ್ಕೋಬಾರ್ದು.”

“ಆಯ್ತಮ್ಮ.”

“ಆಯ್ತಮ್ಮ ಅಂದ್ರೆ ಸಾಲ್ದು. ಗಂಟು ಮುಟ್ಟಿ ಹೇಳು.”

ದಾರದಣ್ಣ ಗಂಟು ಮುಟ್ಟಿ ಹೇಳಿದರು.

ಅಮ್ಮ ತೀರಿಕೊಂಡ ಎಂಟು ತಿಂಗಳಿಗೆ, ಅವರು ಕೈಹಿಡಿದಿದ್ದ ಹನ್ನೊಂದು ಮಂದಿ ಕಲಾವಿದರು ಸೇರಿ ಕಲಾಭವನದಲ್ಲಿ ಒಂದು ಪ್ರದರ್ಶನ ಮಾಡುವುದೆಂದು ಗೊತ್ತುಮಾಡಿದರು. ಒಳಗಿನ ಕೋಣೆಯಲ್ಲಿ ಅಮ್ಮನ ಗೋಡೆಯ ಮೇಲಿದ್ದ ಹನ್ನೊಂದು ಚಿತ್ರಗಳು. ಹೊರಗಿನ ಕೋಣೆಯಲ್ಲಿ ಅಮ್ಮನ ನೆನಪಿಗೆಂದು ಅವರೆಲ್ಲ ಹೊಸದಾಗಿ ಬರೆದ ಹನ್ನೊಂದು. ಕಲಾಭವನದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಮೇಡಂ ದಾರದಣ್ಣನನ್ನು ಕರೆದು, “ಅಣ್ಣಾ, ನಾಲ್ಕು ದಿನ ಟೈಮಿದೆ. ಯಾರೂ ತೊಂದರೆ ಕೊಡಲ್ಲ, ನಿಮ್ಮ ಪಾಡಿಗೆ ನೀವು ಮಾಡಿ” ಎಂದರು. ಅವರು ಆ ದಿನ ಮನೆಗೆ ಹೋದವರೇ ಮಂಚದ ಕೆಳಗಿನ ಡಬ್ಬಿ ಎಳೆದು ನಾಲ್ಕು ಗಂಟಿನ ದಾರ ತೆಗೆದು ಹೊಸದಾಗಿ ಮೇಣ ಸವರಿದರಂತೆ. “ಮದುವೆ ಗಂಡಿನ ಥರ ಸಡಗರ ಮಾಡ್ತಿದ್ರು” ಎಂದು ಅವರ ಹೆಂಡತಿ ನಗುತ್ತ ಹೇಳಿದರು. ಮೇಲಿನ ಗಂಟಿಗೆ ಹಾಕುವ ದಿನ ಬಂದಿತ್ತು.

ಒಳಕೋಣೆಯ ಬಾಗಿಲು ಹಾಕಿಕೊಂಡು ಅವರು ಒಬ್ಬರೇ ಕೆಲಸಕ್ಕೆ ಕೂತರು. ಎತ್ತರದ ಕಿಟಕಿಗಳಿಂದ ಹಾಲಿನಂಥ ಬೆಳಕು ಇಳಿಯುತ್ತಿತ್ತು. ಒಂದೊಂದೇ ಚಿತ್ರದ ಹೊದಿಕೆ ಬಿಚ್ಚಿದಂತೆ ಅಂಗಡಿಯ ಮೇಲಿನ ಕೋಣೆಯ ವಾಸನೆ ಬಂತು. ಹಳೇ ಮರ, ಹೊಸ ಬಟ್ಟೆ, ಅಮ್ಮನ ಮಂಡಿಯ ಎಣ್ಣೆ. ಮಸಿಯ ಚಿತ್ರ ಬಂತು. ಕೆಂಪು ದಾರದ ಹೊಲಿಗೆ ಹಾಕಿದ ಬಿಳಿ ಬಟ್ಟೆ ಬಂತು. ನೀರಿನಲ್ಲಿ ಅದ್ದಿದ ಕಾಗದದ ಮೇಲೆ ತಾನಾಗಿ ಹರಡಿದ ನೀಲಿ ಬಂತು. ದಾರದಣ್ಣ ನೆಲದ ಮೇಲೆ ಕೂತರು. ದಾರ ಇಳಿಬಿಟ್ಟರು. ನಟ್ಟು ನೆಲಕ್ಕೆ ತಾಗಿದ ಟಕ್ ಎಂಬ ಶಬ್ದಕ್ಕೆ, “ಸ್ವಲ್ಪ ಎಡಕ್ಕೆ ಕಣೋ” ಎಂದು ಯಾರೋ ಅಂದ ಹಾಗಾಯಿತು. ಅವರು ಎಡಕ್ಕೆ ಸರಿಸಿದರು. ಬೆರಳುಗಳು ನಟ್ಟಿನಿಂದ ಮೇಲಕ್ಕೆ ಹತ್ತಿ, ನಾಲ್ಕು ವರ್ಷ ಎಲ್ಲಿ ನಿಲ್ಲುತ್ತಿದ್ದವೋ ಅಲ್ಲೇ ನಿಂತವು. ಪೆನ್ಸಿಲಿನ ಗುರುತು, ಮೊಳೆ, ಚಿತ್ರ. ಮತ್ತೆ ದಾರ. ಎರಡು ದಿನ ಹೀಗೇ ಕಳೆಯಿತು. ಕೂತವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಅಷ್ಟು ಸುಖವಾಗಿ ಯಾವತ್ತೂ ಕೆಲಸ ಮಾಡಿದ್ದಿಲ್ಲವೆಂದು ಆಮೇಲೆ ಹೇಳಿದರು.

ಎರಡನೇ ದಿನ ಮಧ್ಯಾಹ್ನ ನಾನು ಚೀಟಿಗಳ ಕಟ್ಟು ಹಿಡಿದು ಒಳಗೆ ಹೋದೆ. ಹನ್ನೊಂದು ಚಿತ್ರಗಳೂ ನನ್ನ ತೊಡೆಯ ಮಟ್ಟದಲ್ಲಿದ್ದವು. ಮೇಲೆ ಪೂರ್ತಿ ಬಿಳಿ ಗೋಡೆ, ಚಿತ್ರಗಳೆಲ್ಲ ಭಾರಕ್ಕೆ ತಳ ಸೇರಿದ ಹಾಗೆ.

“ಅಣ್ಣಾ, ಚೀಟಿ ಎಲ್ಲಿಗೆ ಅಂಟಿಸ್ಲಿ?”

“ಯಾವತ್ತಿನ ಹಾಗೇ. ಬಲಕ್ಕೆ, ಕೆಳಗೆ,” ಎಂದರು ನನ್ನತ್ತ ತಿರುಗದೆ.

ಬಲಕ್ಕೆ ಕೆಳಗೆ ಎಂದರೆ ನೆಲದಿಂದ ಒಂದು ಗೇಣು. ದೊಡ್ಡವರು ಯೋಚಿಸಿಯೇ ಮಾಡಿರುತ್ತಾರೆ ಎಂದುಕೊಂಡು ನಾನು ಬೋರಲು ಮಲಗಿ ಹನ್ನೊಂದು ಚೀಟಿಗಳನ್ನೂ ನೇರವಾಗಿ ಅಂಟಿಸಿದೆ. ಆಗಲೇ ಒಂದು ಮಾತು ಕೇಳಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ಆ ಸಂಜೆ ನಾಲ್ಕಕ್ಕೆ ಮೇಡಂ ಕಲಾವಿದರನ್ನು ಕರೆದುಕೊಂಡು ಬಂದರು. ಬಾಗಿಲು ತೆರೆದು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

“ಇದೇನು, ಬೆಕ್ಕುಗಳಿಗಾ ಪ್ರದರ್ಶನ?” ಎಂದರು ಒಬ್ಬರು.

“ನನ್ನ ಚಿತ್ರ ಎಲ್ಲಿ?”

“ನಿನ್ನ ಕಾಲ ಹತ್ರ ಇದೆ, ತುಳಿದೀಯ ನೋಡ್ಕೊ.”

ಮಸಿಯ ಕಲಾವಿದರು ಮಾತ್ರ ನಗಲಿಲ್ಲ. ಆರಡಿ ಎತ್ತರದ ಆಳು, ಈಗ ತಲೆಯೆಲ್ಲ ಬಿಳಿ. ಅವರು ತಮ್ಮ ಚಿತ್ರದ ಮುಂದೆ ಕೂತರು. ಆಮೇಲೆ ಮೆಲ್ಲಗೆ ಮಗ್ಗುಲಾಗಿ ಮಲಗಿ ಮೊಣಕೈ ಊರಿದರು.

“ಮಂಚ,” ಎಂದರು. “ಅಮ್ಮನ ಮಂಚದಿಂದ ಹೀಗೇ ಕಾಣ್ತಿತ್ತು.”

ನಕ್ಕವರೆಲ್ಲ ಒಬ್ಬೊಬ್ಬರಾಗಿ ಕೂತರು, ಒರಗಿದರು. ಸಂಜೆಯ ಬೆಳಕು ಕೋಣೆಯ ತಳದಲ್ಲಿ ತೆಳ್ಳಗೆ ನಿಂತಿತ್ತು, ಅವರೆಲ್ಲ ಅದರೊಳಗೆ ಮುಳುಗಿ ಮಲಗಿದವರ ಹಾಗೆ ಕಂಡರು. ಕೆಂಪು ಹೊಲಿಗೆಯ ಕಲಾವಿದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಡಂ ಎದ್ದು ಬಂದು ದಾರದಣ್ಣನ ಎರಡೂ ಕೈ ಹಿಡಿದುಕೊಂಡರು.

“ಅಣ್ಣಾ, ಎಂಥಾ ಯೋಚನೆ! ನಮ್ಮ ಯಾರ ತಲೆಗೂ ಹೊಳೀಲಿಲ್ಲವಲ್ಲ.”

ದಾರದಣ್ಣ ಆಗ ಎದ್ದು ನಿಂತಿದ್ದರು. ಎರಡು ದಿನದಲ್ಲಿ ಮೊದಲ ಸಲ ಅವರು ಆ ಕೋಣೆಯನ್ನು ನಿಂತು ನೋಡಿದ್ದು. ಮುಖದ ಬಣ್ಣ ಹೋಯಿತು.

“ತಪ್ಪಾಯ್ತು ಮೇಡಂ.”

“ಛೆ ಛೆ, ಕೇಳದೆ ಮಾಡಿದ್ದು ತಪ್ಪೇನಲ್ಲ.”

“ಅದಲ್ಲ, ಗಂಟು ತಪ್ತು.”

“ನೋಡಿ, ಎಷ್ಟು ವಿನಯ,” ಎಂದು ಮೇಡಂ ಉಳಿದವರ ಕಡೆ ತಿರುಗಿದರು. ಹೊರಕೋಣೆಯನ್ನೂ ಹೀಗೇ ಹಾಕಬೇಕು, ಪ್ರದರ್ಶನಕ್ಕೆ ಇದನ್ನೇ ಹೆಸರು ಮಾಡಬೇಕು, ಬಂದವರಿಗೆ ಕೊಡುವ ಕಾರ್ಡಿನ ಸಾಲು ಈಗಲೇ ಪ್ರೆಸ್ಸಿಗೆ ಹೋಗಬೇಕು ಎಂದು ಅಲ್ಲೇ ತೀರ್ಮಾನವಾಯಿತು. ದಾರದಣ್ಣ ದಾರವನ್ನು ಕೊರಳಿಗೆ ಸುತ್ತಿಕೊಂಡು ಯಾರಿಗೂ ಹೇಳದೆ ಹೊರಟುಹೋದರು.

ಮನೆಯಲ್ಲಿ ಅವರ ಹೆಂಡತಿ ಊಟಕ್ಕೆ ಬಡಿಸಿದರು. ಇವರು ತಟ್ಟೆ ನೋಡುತ್ತ ಕೂತರು.

“ಏನಾಯ್ತು? ಚಿತ್ರ ಬೀಳಿಸಿದ್ರಾ?”

“ಬೀಳಿಸಿದ್ರೆ ಚೆನ್ನಾಗಿತ್ತು.”

ಒಂದೊಂದೇ ಮಾತು ಸೇದಿ ಹೆಂಡತಿ ಎಲ್ಲವನ್ನೂ ತಿಳಿದುಕೊಂಡರು. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ.

“ಮೂವತ್ತು ವರ್ಷ ಸರಿಯಾಗಿ ಮೊಳೆ ಹೊಡೆದ್ರಿ, ಒಂದು ನಾಯೀನೂ ತಿರುಗಿ ನೋಡ್ಲಿಲ್ಲ. ಒಂದು ದಿನ ತಪ್ಪು ಮಾಡಿದ್ದಕ್ಕೆ ಕೈ ಹಿಡ್ಕೊಂಡು ಹೊಗಳ್ತಾರೆ. ಹೊಗಳಿಸ್ಕೊಳ್ಳಿ, ನಿಮ್ಮ ಗಂಟೇನು ಹೋಗುತ್ತೆ?”

“ಅಮ್ಮನಿಗೆ ಮಾತು ಕೊಟ್ಟಿದ್ದೆ.”

“ಏನಂತ?”

ಆ ಮಾತನ್ನು ಅವರು ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ. ಈಗ ಹೇಳಿದರು. ಖಾಲಿ ಗೋಡೆಯೆದುರು ಅಮ್ಮ ನಿಲ್ಲುತ್ತಿದ್ದ ಆ ಒಂದು ನಿಮಿಷವನ್ನೂ ಹೇಳಿದರು. ಹೆಂಡತಿಯ ನಗು ನಿಂತಿತು.

“ಇದನ್ನ ಅವರಿಗೆ ಹೇಳಿದ್ರಾ?”

“ತಪ್ಪಾಯ್ತು ಅಂದೆ. ಕೇಳಿಸ್ಲಿಲ್ಲ.”

“ನೀವು ಮಾತಾಡೋದು ಪಕ್ಕದಲ್ಲಿರೋ ನನಗೇ ಕೇಳ್ಸಲ್ಲ, ಅಷ್ಟು ದೊಡ್ಡ ಕೋಣೇಲಿ ಅವರಿಗೇನು ಕೇಳ್ಸುತ್ತೆ? ನಾಳೆ ಹೋಗಿ ಗಟ್ಟಿಯಾಗಿ ಹೇಳಿ. ನಾನೂ ಬರ್ತೀನಿ.”

“ನೀನ್ಯಾಕೆ?”

“ನೀವು ಅರ್ಧಕ್ಕೆ ನಿಲ್ಲಿಸಿದ್ರೆ ತಿವಿಯೋಕೆ.”

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದಾಗ ಕಚೇರಿಯಲ್ಲಿ ಮೇಡಂ, ಮಸಿಯ ಕಲಾವಿದರು, ನಾನು ಇದ್ದೆವು. ಪ್ರೆಸ್ಸಿನಿಂದ ಮುನ್ನೂರು ಕಾರ್ಡು ಬಂದು ಮೇಜಿನ ಮೇಲಿದ್ದವು. ಮೇಡಂ ಒಂದನ್ನು ಎತ್ತಿ ಖುಷಿಯಿಂದ ದಾರದಣ್ಣನ ಕೈಗೆ ಕೊಟ್ಟರು. ಹನ್ನೊಂದು ಮಂದಿ ಕಲಾವಿದರ ಹೆಸರುಗಳ ಕೆಳಗೆ ಒಂದು ಸಾಲು: ಅಮ್ಮ ಮಲಗಿ ನೋಡಿದ ಹಾಗೆ, ಚಿತ್ರಗಳ ಜೋಡಣೆ ಇಂಥವರದು ಎಂದು. ಅಡ್ಡಹೆಸರಲ್ಲ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು. ಅದು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ದಾರದಣ್ಣ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಅಷ್ಟು ಹೊತ್ತು ಸವರಿದ್ದು ನೋಡಿ ನನಗೆ, ಇನ್ನು ಇವರು ಏನೂ ಹೇಳಲಾರರು ಎನಿಸಿತು.

“ಇದು ತಪ್ಪು ಮೇಡಂ,” ಎಂದರು.

“ಅಯ್ಯೋ, ಹೆಸರು ಬೇರೆಯಾಯ್ತಾ?”

“ಹೆಸರು ಸರಿ ಇದೆ. ಕೆಲಸ ತಪ್ಪು.”

ಹೆಂಡತಿ ಮೊಣಕೈಯಿಂದ ತಿವಿದರು. ದಾರದಣ್ಣ ಕೊರಳಿನ ದಾರ ತೆಗೆದು ನಟ್ಟನ್ನು ಕಚೇರಿಯ ನೆಲಕ್ಕೆ ಬಿಟ್ಟು, ಎಳೆದು ಹಿಡಿದರು. ನಾಲ್ಕು ಗಂಟುಗಳು ಒಂದರ ಮೇಲೊಂದು ನಿಂತವು.

“ಇದು ಮಂಚ, ಇದು ಗಾಲಿ ಕುರ್ಚಿ, ಇದು ಸ್ಟೂಲು. ಇದು ಅಮ್ಮ. ನಾನು ಇಲ್ಲಿಗೆ ಹಾಕ್ಬೇಕಿತ್ತು, ಕೈ ಅಭ್ಯಾಸಬಲದಿಂದ ಮಂಚದ ಗಂಟಿಗೆ ಹಾಕ್ತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಯೋಚನೆ ಮಾಡಿದ್ರೆ ಮಾಡ್ತಿರ್ಲಿಲ್ಲ.”

“ಆದ್ರೆ ಅಣ್ಣಾ,” ಎಂದರು ಮೇಡಂ, “ತಪ್ಪಾಗಿ ಆದ್ರೂ ಎಷ್ಟು ಚೆನ್ನಾಗಿದೆ. ನಿನ್ನೆ ಎಲ್ಲರ ಕಣ್ಣಲ್ಲೂ ನೀರು ಬಂತು. ಅಮ್ಮ ನೋಡಿದ ಹಾಗೇ ಜನ ನೋಡಲಿ ಅಂತ ಅಲ್ವಾ?”

“ಅಮ್ಮ ಮಲಗಿ ನೋಡಿದ್ದು ನಿಲ್ಲೋಕೆ ಆಗದೆ. ಪ್ರತಿ ಸಲ ನಾನು ಚಿತ್ರ ಇಳಿಸುವಾಗ ಅಮ್ಮ ಮುಖ ಆ ಕಡೆ ತಿರುಗಿಸ್ಕೊಳ್ತಿದ್ರು. ವಾರಕ್ಕೊಂದು ಸಲ ನನ್ನ ಹೆಗಲು ಹಿಡಿದು ನಿಂತು ಖಾಲಿ ಗೋಡೆ ನೋಡ್ತಿದ್ರು ಮೇಡಂ. ಕೆಳಗೆ ಅಷ್ಟು ಚಿತ್ರ ಇಟ್ಕೊಂಡು, ಮೇಲೆ ಖಾಲಿ ಗೋಡೆ. ತನ್ನನ್ನ ಮಲಗಿದ್ದೋಳು ಅಂತ ನೆನೆಸ್ಕೋಬಾರ್ದು ಅಂದ್ರು. ನಾನು ಈ ಗಂಟು ಮುಟ್ಟಿ ಆಯ್ತು ಅಂದೆ.”

ಅವರ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ತಿವಿಯಲು ಬಂದ ಹೆಂಡತಿಗೆ ಕೆಲಸವೇ ಇರಲಿಲ್ಲ.

ಮೇಡಂ ಕಾರ್ಡುಗಳ ರಾಶಿ ನೋಡಿದರು, ಮಸಿಯ ಕಲಾವಿದರ ಮುಖ ನೋಡಿದರು. ಆ ಕಲಾವಿದರೇ ಹೇಳಿದರು: “ನಿನ್ನೆ ಮಲಗಿದಾಗ ನನಗೆ ತುಂಬ ಚೆನ್ನಾಗಿತ್ತು. ಆಮೇಲೆ ಎದ್ದು ಮೈ ಕೊಡವಿಕೊಂಡು ಚಹಾ ಕುಡಿಯೋಕೆ ಹೋದೆ. ಅಮ್ಮನಿಗೆ ಆ ಎದ್ದು ಹೋಗೋದು ಇರ್ಲಿಲ್ಲವಲ್ಲ.” ಅಂಗಿಯ ತೋಳು ಮಡಚಿಕೊಂಡರು. “ನಡಿಯಪ್ಪ, ಏಣಿ ಎಲ್ಲಿದೆ?”

ಆ ಇಡೀ ದಿನ ನನ್ನ ನೆನಪಿನಲ್ಲಿ ನೀರೊಳಗೆ ನಡೆದದ್ದರಂತೆ ನಿಧಾನವಾಗಿ, ಸದ್ದಿಲ್ಲದೆ ಉಳಿದಿದೆ. ಫೋನಿನಲ್ಲಿ ಸುದ್ದಿ ಹೋಗಿ ಕಲಾವಿದರು ಒಬ್ಬೊಬ್ಬರಾಗಿ ಬಂದರು. ಹೊಲಿಗೆಯ ಕಲಾವಿದೆಗೆ ಮನಸ್ಸಿರಲಿಲ್ಲ, “ಅಳು ಬರಿಸಿ ಈಗ ಕಿತ್ತುಕೊಳ್ತೀರಲ್ಲ” ಎಂದು ಗೊಣಗಿದರು. ಆದರೂ ತಮ್ಮ ಬಿಳಿ ಬಟ್ಟೆಯ ಚಿತ್ರವನ್ನು ತಾವೇ ಎತ್ತಿ ಹಿಡಿದರು. ದಾರದಣ್ಣ ದಾರ ಇಳಿಬಿಡುವರು, ಬೆರಳು ಮಂಚದ ಗಂಟಿಗೆ ಬಂದು ಒಂದು ಕ್ಷಣ ತಡೆಯುವುದು, ಅವರು ತಲೆ ಕೊಡವಿ ಮೇಲಕ್ಕೆ ಹೋಗುವರು. ಗಾಲಿ ಕುರ್ಚಿ, ಸ್ಟೂಲು, ಅಮ್ಮ. ಚಿತ್ರಗಳು ಒಂದರ ಹಿಂದೊಂದು ನೆಲದ ಬಳಿಯಿಂದ ಎದ್ದು ಬೆಳಕಿಗೆ ಬಂದವು. ನೀಲಿ ಮೇಲೆದ್ದಾಗ ಇಡೀ ಗೋಡೆ ಉಸಿರೆಳೆದುಕೊಂಡಂತಾಯಿತು. ಅಮ್ಮ ಕುಳ್ಳಗಿದ್ದವರಾದ್ದರಿಂದ ಮೇಲಿನ ಗಂಟಿಗೂ ಚಿತ್ರಗಳು ಬೇರೆ ಪ್ರದರ್ಶನಗಳಿಗಿಂತ ಒಂದು ಗೇಣು ಕೆಳಗೇ ಇದ್ದವು. ಮಸಿಯ ಕಲಾವಿದರು ತಮ್ಮ ಚಿತ್ರ ನೋಡಲು ಕತ್ತು ಬಗ್ಗಿಸಬೇಕಾಯಿತು.

“ಇಷ್ಟು ಬಗ್ಗೋದು ಸರಿ,” ಎಂದರು.

ಕೆಳಗಿನ ಮೊಳೆ ತೂತುಗಳನ್ನು ಹಾಗೇ ಬಿಡೋಣವೇ, ಒಂದು ಗುರುತಿಗೆ ಇರಲಿ ಎಂದು ಮೇಡಂ ಕೊನೆಯ ಆಸೆಯಿಂದ ಕೇಳಿದರು. ದಾರದಣ್ಣ ಆಗಲೇ ತೂತಿಗೆ ಮೆತ್ತುವ ಲಪ್ಪ ಕಲಸುತ್ತಿದ್ದರು. ಹನ್ನೊಂದು ತೂತುಗಳನ್ನೂ ಮುಚ್ಚಿ, ಉಜ್ಜಿ, ಬಿಳಿ ಬಣ್ಣ ಹಚ್ಚಿದರು. ನಾನು ನನ್ನ ಚೀಟಿಗಳನ್ನು ಕಿತ್ತು, ಈ ಸಲ ನಿಂತು ಅಂಟಿಸಿದೆ.

ಕಾರ್ಡು ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಆ ಒಂದು ಸಾಲನ್ನು ಹೊಡೆದುಹಾಕುವುದೆಂದಾಯಿತು. ದಾರದಣ್ಣನ ಹೆಸರನ್ನಾದರೂ ಉಳಿಸೋಣ ಎಂದು ನಾನು ಹೇಳಿ ನೋಡಿದೆ. “ಸಾಲು ಪೂರ್ತಿ ಹೋಗ್ಲಿ, ಅರ್ಧ ಗೆರೆ ಚೆನ್ನಾಗಿ ಕಾಣಲ್ಲ” ಎಂದು ಅವರೇ ಎದುರು ಕೂತು, ಒಂದು ಮರದ ಪಟ್ಟಿ ಇಟ್ಟುಕೊಂಡು ತಮ್ಮ ಹೆಸರಿನ ಮೇಲೆ ಕಪ್ಪು ಗೆರೆ ಎಳೆಯತೊಡಗಿದರು. ನನ್ನವು ಡೊಂಕು, ಅವರವು ನೇರ. ಅವರ ಹೆಂಡತಿ ರಾಶಿಯಿಂದ ಒಂದು ಕಾರ್ಡು ಎತ್ತಿ ಚೀಲಕ್ಕೆ ಹಾಕಿಕೊಂಡರು.

“ಅದಕ್ಕೆ ಇನ್ನೂ ಗೆರೆ ಹಾಕಿಲ್ಲ,” ಎಂದರು ದಾರದಣ್ಣ.

“ಗೊತ್ತು.”

“ಅದು ತಪ್ಪು ಕಣೇ.”

“ತಪ್ಪಾದ್ರೇನು, ನನ್ನ ಗಂಡನ ಹೆಸರು. ನಿಮ್ಮ ಪಾಡಿಗೆ ನೀವು ಗೆರೆ ಎಳೀರಿ.”

ಪ್ರದರ್ಶನದ ದಿನ ಜನ ಚೆನ್ನಾಗಿ ಬಂದರು. ಚಿತ್ರಗಳ ಎತ್ತರದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಒಳಕೋಣೆಗೆ ಬಂದವರೆಲ್ಲ ತಿಳಿಯದೆಯೇ ಗಲ್ಲವನ್ನು ಒಂದು ಚೂರು ಕೆಳಗಿಳಿಸಿ ನೋಡುತ್ತಿದ್ದರು. ಹೊರಗಿನ ಬೀದಿಯ ಸದ್ದು ಎಲ್ಲೋ ದೂರದಲ್ಲಿತ್ತು. ದಾರದಣ್ಣ ಒಗೆದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. ಅವರು ಚಿತ್ರ ನೋಡುತ್ತಿರಲಿಲ್ಲ, ನೋಡುವವರನ್ನು ನೋಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡ ಒಬ್ಬ ದರ್ಜಿ ಹೆಂಗಸು ಬಂದರು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವರು ಅದನ್ನು ತೆಗೆದಿಡಲು ಮರೆತಿರಬೇಕು. ಚಿತ್ರಗಳ ಬಗ್ಗೆ ಆಕೆಗೆ ಹೆಚ್ಚೇನೂ ತಿಳಿದಂತಿರಲಿಲ್ಲ. ಮಸಿಯ ಚಿತ್ರದೆದುರು ಹೋಗಿ ನಿಂತರು. ಆಮೇಲೆ ಪಕ್ಕದಲ್ಲಿದ್ದ ನನಗೆ ಹೇಳಿದರು.

“ಇಪ್ಪತ್ತು ವರ್ಷ ಅವರ ಅಂಗಡೀಲಿ ಬಟನ್ ತಗೊಂಡಿದ್ದೀನಮ್ಮ. ಕಾಯಿಲೆ ಬಿದ್ದ ಮೇಲೆ ನಾನು ನೋಡೋಕೆ ಹೋಗ್ಲಿಲ್ಲ. ನನಗೆ ಗೊತ್ತಿರೋದು ಕೌಂಟರಿನ ಹಿಂದೆ ನಿಂತಿರ್ತಿದ್ದ ಅಮ್ಮನೇ. ಮುಖ ಸರಿಯಾಗಿ ಇಷ್ಟು ಎತ್ತರಕ್ಕೆ ಬರ್ತಿತ್ತು.”

ಆಕೆ ಅಂಗೈ ಚಪ್ಪಟೆ ಮಾಡಿ ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿದರು. ಬಾಗಿಲ ಬಳಿಯಿಂದ ದಾರದಣ್ಣ ಒಳಗೆ ಬಂದರು. ಒಂದು ಕಣ್ಣು ಕಿರಿದು ಮಾಡಿ ಆ ಕೈಯನ್ನು ನೋಡಿದರು.

“ಒಂದು ಬೆರಳು ಮೇಲೆ,” ಎಂದರು.

ಆಕೆ ಕೈಯನ್ನು ಒಂದು ಬೆರಳಷ್ಟು ಮೇಲಕ್ಕೆತ್ತಿದರು.

“ಹ್ಞಾ, ಇಷ್ಟು,” ಎಂದರು ದಾರದಣ್ಣ. “ಇಷ್ಟೇ ಇದ್ರು.”